ಏಕಾಂತಪ್ಪ ಸಾಹುಕಾರರ ಗದ್ದ

"ಉರುಕುಂದ ಈರಣ್ಣನ ಆಣೆ, ಇದರಾಗ ಒಂದು ಮಾತೂ ಸುಳ್ಳಿಲ್ಲ," ಎಂದು ಮೂಕಪ್ಪ, ಗೋಡೆಗೊರಗಿ ಸತ್ತು ಕೂತಿದ್ದ ಏಕಾಂತಪ್ಪ ಸಾಹುಕಾರರ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಹೇಳಿದ. "ಈ ಗದ್ದಕ್ಕ ನಾನು ಕೈ ಹಚ್ಚಲಾರ್ದ ಇಪ್ಪತ್ತೆರಡು ವರ್ಷ ಆತು."

ಪಡಸಾಲೆಯಲ್ಲಿದ್ದ ಹದಿನೈದು ಜನರಲ್ಲಿ ಒಬ್ಬರೂ ನಂಬಲಿಲ್ಲ. ಅದು ಅವರ ತಪ್ಪಲ್ಲ. ಹೆಸರಿಗೆ ಮೂಕಪ್ಪನಾದರೂ ಆದವಾನಿಯಲ್ಲಿ ಅವನಷ್ಟು ಮಾತಾಡುವ ಕ್ಷೌರಿಕ ಇನ್ನೊಬ್ಬನಿರಲಿಲ್ಲ. ತನ್ನ ಕತ್ತಿ ಒಮ್ಮೆ ಕೈಜಾರಿ ಬಾವಿಗೆ ಬಿದ್ದದ್ದು, ತಳ ಮುಟ್ಟುವಷ್ಟರಲ್ಲಿ ಎರಡು ಮೀನುಗಳ ಮೀಸೆ ಬೋಳಿಸಿತ್ತೆಂದು ಹೇಳಿದವನು ಅವನೇ. ಸಾಹುಕಾರರ ಗದ್ದ ತನ್ನ ಕೈಯೊಳಗಿನದೆಂದು ಇಪ್ಪತ್ತೆರಡು ವರ್ಷ ಇಡೀ ಹತ್ತಿ ಮಾರುಕಟ್ಟೆಗೆ ಸಾರಿದವನೂ ಅವನೇ.

"ಏಮಪ್ಪಾ," ಎಂದ ಸೋಮಶೇಖರಪ್ಪ, ತೀರಿಕೊಂಡವರ ತಮ್ಮ. "ನಿನ್ನೆ ತನಕ ಅಣ್ಣನ ಮಾರಿ ನಂದ ಅಂತಿದ್ದಿ. ಇವತ್ತು ಮುಟ್ಟೇ ಇಲ್ಲ ಅಂತೀ?"

"ಅದು ಸುಳ್ಳು, ಇದು ಖರೆ, ಸಣ್ಣ ಸಾವ್ಕಾರ್ರೇ."

"ಸರೇಲೇ. ಯಾವುದಾರ ಇರ್ಲಿ, ಜಲ್ದಿ ಮಾಡು. ಪೆದ್ದಹರಿವಾಣದ ಬೀಗರು ಬಂದು ಕಾಯ್ಕೋಂತ ಕುಂತಾರ."

ಆ ಮನೆಯಲ್ಲಿ ಹೋದವರಿಗೆ ವಿಭೂತಿ ಹಚ್ಚುವ ಮೊದಲು ಒಂದು ಕೊನೆಯ ಕ್ಷೌರ ಆಗಬೇಕು. ಅದು ತಲೆಮಾರಿನ ಪದ್ಧತಿ, ಅದನ್ನು ಮಾಡುವುದು ಮೂಕಪ್ಪನ ಮನೆತನದ ಹಕ್ಕು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಗದ್ದದ ಕೆಳಗೆ ಅವನ ಕತ್ತಿ ಅರ್ಧಕ್ಕೆ ನಿಂತಿತ್ತು. ಉಳಿದರ್ಧವನ್ನು ಇವತ್ತು ಮುಗಿಸಬೇಕು, ತನ್ನ ಕೈ ಕೆಟ್ಟದಲ್ಲವೆಂದು ಸಾಹುಕಾರರಿಗೆ ತೋರಿಸಬೇಕು, ಅವರು ಸತ್ತಿದ್ದರೂ ಚಿಂತೆಯಿಲ್ಲ ಎಂದು ಬೆಳಗಿನಿಂದ ಮೂರು ಸಲ ಕತ್ತಿ ಮಸೆದುಕೊಂಡು ಬಂದಿದ್ದ. ಆದರೆ ಹೆಣದ ರುಮಾಲು ಬಿಚ್ಚಿ, ಮುಖ ಒದ್ದೆ ಮಾಡಿ, ಕಿವಿಯ ಕಡೆ ನೋಡಿದವನು ಹಾಗೇ ನಿಂತುಬಿಟ್ಟ.

ವಿಷಯ ಇಷ್ಟೇ. ಮೂಕಪ್ಪನ ಬಲಗೈ ಕಿರುಬೆರಳು ಚಿಕ್ಕಂದಿನಲ್ಲಿ ಒಳಕಲ್ಲಿಗೆ ಸಿಕ್ಕು ಹೊರಗೆ ಚಾಚಿಕೊಂಡೇ ಉಳಿದಿತ್ತು. ಅದರ ದೆಸೆಯಿಂದ ಅವನು ಕ್ಷೌರ ಮಾಡಿದ ಎಲ್ಲ ಮುಖಗಳಲ್ಲೂ ಬಲಗಿವಿಯ ಮುಂದಿನ ಕೂದಲು ಎಡಗಡೆಗಿಂತ ಒಂದು ಜೋಳದ ಕಾಳಿನಷ್ಟು ಕೆಳಗೆ ಉಳಿಯುತ್ತಿತ್ತು. ಸಂತೆಯಲ್ಲಿ ದೂರದಿಂದ ನೋಡಿಯೇ ತನ್ನ ಗಿರಾಕಿಗಳನ್ನು ಅವನು ಗುರುತು ಹಿಡಿಯುತ್ತಿದ್ದ. ಈಗ ಏಕಾಂತಪ್ಪನವರ ಮುಖದಲ್ಲೂ ಅದೇ ಜೋಳದ ಕಾಳು ಇತ್ತು. ಆದರೆ ಎಡಗಡೆ.

ತಾನು ಮಾಡುವ ತಪ್ಪು, ತಾನು ಮಾಡದ ಕ್ಷೌರದಲ್ಲಿ, ತಾನು ಬಿಡದ ಕೆನ್ನೆಯ ಮೇಲೆ.

"ಹನುಮಣ್ಣಾ, ಇಲ್ಲಿ ಬಾ," ಎಂದು ಕರೆದ.

ಹನುಮಣ್ಣ ಬಜಾರಿನಲ್ಲಿ ತಿರುಗುವ ಕುರ್ಚಿ ಹಾಕಿ ಕಟಿಂಗ್ ಸಲೂನು ನಡೆಸುವವನು. ಯುದ್ಧ ಬಂದು ಜರ್ಮನಿಯ ಕತ್ತಿಗಳು ನಿಂತುಹೋದ ದುಃಖವೇ ಅವನಿಗೆ ದೊಡ್ಡದಾಗಿತ್ತು. ಆದರೂ ಸಾವಿನ ಮನೆಗೆ ತಕ್ಕಂತೆ ಮುಖ ಮಾಡಿಕೊಂಡು ಎದ್ದು ಬಂದ. "ಸಮಾಧಾನ ಮಾಡ್ಕೋ ಮೂಕಣ್ಣ. ದೊಡ್ಡ ಗಿರಾಕಿ ಹೋದ್ರು ನಿನಗ."

"ನನಗಲ್ಲಲೇ, ನಿನಗ. ಇವ್ರು ನಿನ್ನ ಕುರ್ಚಿಮ್ಯಾಲೆ ಕುಂದ್ರತಿದ್ರಲ್ಲ?"

"ನನ್ನ ಕುರ್ಚಿಮ್ಯಾಲೆ? ಯಾವಾಗ?"

"ದೊಡ್ಡೋರೆಲ್ಲ ನಿನ್ನ ತಾವ ಬರ್ತಾರ ಅಂತ ನೀನ ಹೇಳ್ತಿದ್ದೆಲ್ಲ!"

ಹನುಮಣ್ಣ ಸುತ್ತ ನೋಡಿ ದನಿ ತಗ್ಗಿಸಿದ. "ಅದು ಅಂಗಡಿ ಮಾತು. ನೀ ಮಾಡ್ತಿ ಅಂತ ನಾ ಹೊಟ್ಟಿ ಉರ್ಕೊಂಡಿದ್ದೆ."

"ನೀ ಮಾಡ್ತಿ ಅಂತ ನಾನು!"

ಇಬ್ಬರೂ ಸತ್ತವರ ಮುಖ ನೋಡಿದರು. ಏಕಾಂತಪ್ಪನವರು ಏನೂ ಹೇಳಲಿಲ್ಲ. ಬದುಕಿದ್ದಾಗಲೂ ಅವರ ಮುಖ ಏನೂ ಹೇಳಿದ್ದಿಲ್ಲ. ಹತ್ತಿ ವ್ಯಾಪಾರ ನಡೆಯುವುದು ಟವೆಲ್ಲಿನ ಕೆಳಗೆ, ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಬೆರಳಿನ ಲೆಕ್ಕದಲ್ಲೇ ದರ ಹೇಳಿ. ಬಾಯಿ ಬಿಡುವಂತಿಲ್ಲ, ಮುಖ ನೋಡಿ ಮನಸ್ಸು ತಿಳಿಯಬೇಕು. ಏಕಾಂತಪ್ಪನವರ ಮುಖ ನೋಡಿ ತಿಳಿದುಕೊಂಡವನು ಆದವಾನಿಯಲ್ಲೂ ಇರಲಿಲ್ಲ, ಪತ್ತಿಕೊಂಡದಲ್ಲೂ ಇರಲಿಲ್ಲ. ಕಲ್ಲುಮಾರಿ ಸಾಹುಕಾರ ಎಂದೇ ಹೆಸರು. ನಿನ್ನೆ ಮಧ್ಯಾಹ್ನ ಟವೆಲ್ಲಿನ ಕೆಳಗೆ ಬೆರಳು ಕೊಟ್ಟು ಕೂತವರು ಕೂತಂತೆಯೇ ಪ್ರಾಣ ಬಿಟ್ಟರು. ಎದುರಿಗಿದ್ದ ಪತ್ತಿಕೊಂಡದ ಖರೀದಿದಾರ, ಇವರು ಸುಲಭಕ್ಕೆ ಬಗ್ಗುವವರಲ್ಲ ಎಂದುಕೊಂಡು ಕಾಲು ತಾಸಿನಲ್ಲಿ ಎರಡು ಸಲ ದರ ಏರಿಸಿದ. ಬೆರಳು ತಣ್ಣಗಾದ ಮೇಲಷ್ಟೇ ಅವನಿಗೆ ಅನುಮಾನ ಬಂದದ್ದು.

*

ಇಪ್ಪತ್ತೆರಡು ವರ್ಷದ ಹಿಂದೆ ಆ ಮನೆಯ ಹಿರಿಯ ಸಾಹುಕಾರರು ಕಣ್ಣು ಮಂಜಾಗಿ ಮನೆ ಹಿಡಿದು, ಮಗ ಏಕಾಂತಪ್ಪನನ್ನು ಅಂಗಡಿಯ ಗಾದಿಯ ಮೇಲೆ ಕೂಡಿಸಿದ್ದರು. ಅಲ್ಲಿಯವರೆಗೆ ಮಗ ಗಡ್ಡ ಬಿಟ್ಟಿದ್ದ. ಗಾದಿಗೆ ಗಡ್ಡ ಒಪ್ಪುವುದಿಲ್ಲವೆಂದು ಅಪ್ಪ ಹೇಳಿದ್ದಕ್ಕೆ ಒಂದು ಬುಧವಾರ ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಮೂಕಪ್ಪನ ಎದುರು ಬಂದು ಕೂತ.

ಮೂಕಪ್ಪ ಬಲಗೆನ್ನೆ ಮುಗಿಸಿದ. ಗದ್ದ ಎತ್ತಿ, ಗಂಟಲಿನ ಹತ್ತಿರ ಕತ್ತಿ ಇಟ್ಟ. ಏಕಾಂತಪ್ಪನ ಮೈ ನಡುಗಿತು. ಮೂಗಿನೊಳಗಿಂದ 'ಕುಂಯ್' ಎಂಬ ಸದ್ದು ಬಂತು. ಕಣ್ಣಲ್ಲಿ ನೀರು ತುಂಬಿತು. ಮೂಕಪ್ಪ ಕತ್ತಿ ತೆಗೆದು, "ಕೊಯ್ತೇನ್ರಿ?" ಎಂದ. ಮತ್ತೆ ಇಟ್ಟ. ಮತ್ತೆ 'ಕುಂಯ್'. ಏಕಾಂತಪ್ಪ ದಡಕ್ಕನೆ ಎದ್ದು, ಅರ್ಧ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮರುದಿನ ಮೂಕಪ್ಪನಿಗೆ ಹೇಳಿ ಕಳಿಸಿದ್ದು ಒಂದೇ ಮಾತು: ಅಪ್ಪನಿಗೆ ಬಂದು ಮಾಡು, ನನಗೆ ಬೇಡ.

ನಾಲ್ಕು ದಿನ ಸಾಹುಕಾರ ಮಾರುಕಟ್ಟೆಗೆ ಬರಲಿಲ್ಲ. ಐದನೆಯ ದಿನ ಬಂದಾಗ ಮುಖದ ಮೇಲೆ ಏಳು ಕಡೆ ರಕ್ತ ನಿಲ್ಲಿಸಲು ಹತ್ತಿ ಅಂಟಿಸಿಕೊಂಡಿದ್ದ. ದಲ್ಲಾಳಿಗಳು ಮಾಲು ತೋರಿಸುವ ಹೊಸ ಪದ್ಧತಿ ಇರಬೇಕೆಂದುಕೊಂಡು ಒಬ್ಬ ಖರೀದಿದಾರ ಗದ್ದದ ಮೇಲಿನ ಹತ್ತಿಯನ್ನೇ ಎಳೆದು, ನವಿರಾಗಿದೆ, ಸ್ವಲ್ಪ ಕೆಂಪು ಬೆರಕೆ ಇದೆ ಎಂದನಂತೆ. ಎರಡು ತಿಂಗಳು ಕಳೆದ ಮೇಲೆ ಹತ್ತಿ ಮಾಯವಾಯಿತು. ಕೆನ್ನೆ ಬದನೆಕಾಯಿಯ ಹಾಗೆ ಹೊಳೆಯತೊಡಗಿತು. ಯಾರೋ ನುರಿತವನ ಕೈ ಬಿದ್ದಿದೆಯೆಂದು ಮೂಕಪ್ಪ ದೂರದಿಂದಲೇ ತಿಳಿದುಕೊಂಡ. ಆಮೇಲೆ ಆ ಮುಖದ ಹತ್ತಿರ ಅವನು ಹೋಗಲಿಲ್ಲ. ಏಕಾಂತಪ್ಪ ಎದುರಾದರೆ ಅವರ ರುಮಾಲು ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಕೈ ಎತ್ತಿ, ಡೊಂಕು ಬೆರಳು ನೋಡಿಕೊಂಡು, ಒಬ್ಬ ಗಂಡಸಿನ ಕಣ್ಣಲ್ಲಿ ನೀರು ಬರಿಸುವಂಥದ್ದು ಈ ಕೈಯಲ್ಲಿ ಏನಿದೆ ಎಂದು ಯೋಚಿಸುತ್ತಿದ್ದ.

*

"ಎಡಚ," ಎಂದ ಮೂಕಪ್ಪ. "ಇದನ್ನ ಮಾಡಿದಾವ ಎಡಚ ಅದಾನ. ಅವನು ಯಾರು ಅಂತ ತಿಳೀಲಾರ್ದ ನಾ ಕತ್ತಿ ಇಡಂಗಿಲ್ಲ."

"ಯಾಕ?" ಎಂದರು ಪಂಚಾಕ್ಷರಯ್ಯನವರು. ಸಂಸ್ಕಾರ ಮಾಡಿಸಲು ಬಂದ ಅಯ್ಯನವರು ಅವರು. ಬೆಳಗಿನಿಂದ ಉಪವಾಸವಿದ್ದರು, ಮತ್ತು ಅದು ಎಲ್ಲರಿಗೂ ಗೊತ್ತಾಗುವಂತಿತ್ತು.

"ಇಪ್ಪತ್ತೆರಡು ವರ್ಷ ಒಂದ ಕೈಗೆ ಒಗ್ಗಿದ ಗಡ್ಡ ಅಯ್ಯನೋರೇ. ಯಾ ಕಡಿಂದ ಎಳಿಬೇಕು, ಎಲ್ಲಿ ಬಿಡಬೇಕು ನನಗ ತಿಳಿಯವಲ್ದು. ಬದುಕಿದ್ದೋರಿಗೆ ಕೊಯ್ದ್ರ ಮಾಯ್ತೈತಿ. ಇವ್ರಿಗೆ ಕೊಯ್ದ್ರ ಹಂಗಾ ಮಣ್ಣಿಗೆ ಹೋಕ್ಕಾರ."

ಮಾತಿನಲ್ಲಿ ತೂಕವಿತ್ತು. ಅಷ್ಟು ಹೊತ್ತಿಗೆ ಹನುಮಣ್ಣನಿಗೂ ಕುತೂಹಲ ಹೆಚ್ಚಿ, ಎಡಚರನ್ನು ಹುಡುಕುವ ಉಪಾಯ ಹೇಳಿಕೊಟ್ಟ. ಮೂಕಪ್ಪ ತಟ್ಟೆಯಿಂದ ಅಡಿಕೆ ತೆಗೆದು, ಒಬ್ಬೊಬ್ಬರ ಹೆಸರು ಕೂಗಿ ಎಸೆದ. ಸೋಮಶೇಖರಪ್ಪ ಬಲಗೈಯಲ್ಲಿ ಹಿಡಿದ. ಬೀಗರು ಬಲಗೈಯಲ್ಲಿ ಹಿಡಿದರು. ಒಬ್ಬ ಮುದುಕ ಬಾಯಲ್ಲಿ ಹಿಡಿದ. ಎಡಗೈಯಲ್ಲಿ ಹಿಡಿದವರು ಒಬ್ಬರೇ.

"ಅಯ್ಯನೋರೇ," ಎಂದ ಮೂಕಪ್ಪ ಮೆಲ್ಲಗೆ, "ನೀವಾ?"

"ಬಲಗೈಯಾಗ ಬೆತ್ತ ಐತೆಲ್ಲಲೇ!" ಪಂಚಾಕ್ಷರಯ್ಯನವರು ಅಡಿಕೆಯನ್ನು ನೆಲಕ್ಕೆ ಎಸೆದು ಎದ್ದು ನಿಂತರು. "ಇದು ಸಾವಿನ ಮನಿಯೋ, ಏನು ಗೋಲಿ ಆಟದ ಬಯಲೋ? ಎಲ್ಲಾರೂ ನಡೀರಿ ಹೊರಗ. ಮೂಕಪ್ಪ, ನೆರಳು ಕಟ್ಟಿ ದಾಟೋದ್ರೊಳಗ ಕ್ಷೌರ ಆಗಿರಬೇಕು. ಆಗ್ಲಿಲ್ಲಂದ್ರ ಹನುಮಣ್ಣ ಮಾಡ್ತಾನ. ಮತ್ತ ಕೇಳ್ರಿ, ಕತ್ತಿ ಮುಗಿಯೋತನಕ ಹೆಣ್ಣುಮಕ್ಕಳು ಯಾರೂ ಒಳಗ ಇರಬಾರ್ದು. ನೀರು ಕೊಟ್ಟು, ಮಾರಿ ತೊಳ್ದು, ಹೊರಗ ಬರ್ಬೇಕು."

ಜನ ಎದ್ದು ಹೋದರು. ಮೂಕಪ್ಪ ಒಬ್ಬನೇ ಉಳಿದ. ಇಪ್ಪತ್ತೆರಡು ವರ್ಷ ಕಾಯ್ದ ಗದ್ದ ಎದುರಿಗಿತ್ತು. ನಡುಗುತ್ತಿರಲಿಲ್ಲ, ಎದ್ದು ಹೋಗುವಂತಿರಲಿಲ್ಲ. ಮೂಕಪ್ಪ ನಾಲ್ಕನೆಯ ಸಲ ಕತ್ತಿ ಮಸೆದ.

ಸಾಹುಕಾರರ ಹೆಂಡತಿ ಗುರುಶಾಂತಮ್ಮ ಬಿಸಿನೀರಿನ ತಂಬಿಗೆ ಹಿಡಿದು ಬಂದರು. ಹೆಚ್ಚು ಅತ್ತಂತೆ ಕಾಣಲಿಲ್ಲ, ಹೆಚ್ಚು ನಿದ್ದೆ ಮಾಡಿದಂತೆಯೂ ಕಾಣಲಿಲ್ಲ. ತಂಬಿಗೆ ಇಟ್ಟವರು ಹೋಗದೆ ನಿಂತರು.

ಮೂಕಪ್ಪ ಗದ್ದ ಎತ್ತಿ, ಎಡದವಡೆಯ ಕೆಳಗೆ ಕತ್ತಿ ತಂದ.

"ಅಲ್ಲಿ ಸುಳಿ ಐತಿ," ಎಂದರು ಗುರುಶಾಂತಮ್ಮ. "ಕೆಳಗಿಂದ ಮ್ಯಾಲಕ್ಕ ಎಳೀಬ್ಯಾಡ. ಅಡ್ಡ ಬಾ."

ಮೂಕಪ್ಪ ಬೆರಳಿಟ್ಟು ನೋಡಿದ. ಸುಳಿ ಇತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಕತ್ತಿ ಹಿಡಿದು ನೂರು ಸಲ ಅದರ ಮೇಲೆ ಹೋದವರಿಗೆ ಮಾತ್ರ ಗೊತ್ತಾಗುವ, ಕಡಲೆಯಷ್ಟು ಸುಳಿ.

ಅವನು ಕತ್ತಿ ಮಡಚಿದ. ಆಮೇಲೆ ಒಂದು ಅಡಿಕೆ ತೆಗೆದು ಅವರ ಕಡೆ ಎಸೆದ. ಗುರುಶಾಂತಮ್ಮ ಬಲಗೈಯಲ್ಲಿ ಹಿಡಿದರು.

"ಅವ್ವಾರೇ," ಎಂದ ಮೂಕಪ್ಪ, "ನನಗ ಹುಚ್ಚು ಹಿಡಿಯಂಗ ಆಗೈತಿ. ನೀವು ಎಡಚರೂ ಅಲ್ಲ."

"ರೊಟ್ಟಿ ಬಡಿಯಾಕ ಬಲಗೈ. ನೀರು ಸೇದಾಕ ಬಲಗೈ," ಎಂದರು ಅವರು. "ಇದೊಂದಕ್ಕ ಎಡಗೈ. ನಾ ಕಲ್ತದ್ದಾ ಹಂಗ."

"ಕಲಿಸಿದೋರು ಯಾರು?"

"ನೀನಾ."

*

ಆ ಬುಧವಾರ ಬಾಗಿಲು ಹಾಕಿಕೊಂಡು ಒಳಗೆ ಬಂದ ಗಂಡ ಟವೆಲ್ ತೆಗೆದಾಗ ಗುರುಶಾಂತಮ್ಮ ಹೆದರಿದ್ದರು. ಗಂಡ ಅಳುತ್ತಿರಲಿಲ್ಲ. ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ತಲೆ ಆನಿಸಿ, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದರು. ಗದ್ದದ ಕೆಳಗೆ ಯಾರೇ ಮುಟ್ಟಿದರೂ ಅವರಿಗೆ ಕಚಗುಳಿ ತಡೆಯಲಾಗುತ್ತಿರಲಿಲ್ಲ. ನಗು ನಿಂತ ಮೇಲೆ ಹೇಳಿದರು: "ಶಾಂತಾ, ಇದು ಬಜಾರಿಗೆ ಗೊತ್ತಾದ್ರ ನನ್ನ ಬಾಳು ಮುಗೀತು. ದರ ಹೇಳಾಕ ಬರೋ ಒಬ್ಬೊಬ್ಬನೂ ನನ್ನ ಗದ್ದಕ್ಕ ಕೈ ಹಾಕ್ತಾನ."

ಎರಡು ತಿಂಗಳು ತಾವೇ ಕತ್ತಿ ಹಿಡಿದು ಕೊಯ್ದುಕೊಂಡರು. ತಮ್ಮ ಕೈಯೇ ತಮಗೆ ಕಚಗುಳಿ ಇಡುತ್ತಿತ್ತೆಂದರೆ ನಂಬುವವರು ನಂಬಲಿ. ಅದನ್ನು ನೋಡಲಾಗದೆ ಗುರುಶಾಂತಮ್ಮ ಪ್ರತಿ ಬುಧವಾರ ಕಿಟಕಿಯ ಹಿಂದೆ ಕೂತು, ಕಟ್ಟೆಯ ಮೇಲೆ ಮಾವನವರಿಗೆ ಕ್ಷೌರ ಮಾಡುವ ಮೂಕಪ್ಪನ ಕೈ ನೋಡತೊಡಗಿದರು. ಕಿಟಕಿ ಮೂಕಪ್ಪನಿಗೆ ಎದುರಾಗಿತ್ತು. ಕನ್ನಡಿಯಲ್ಲಿ ನೋಡಿದಂತೆ ಅವನ ಕೈ ಆ ಕಡೆ ಹೋದರೆ ಇವರ ಕೈಯೂ ಆ ಕಡೆ ಹೋಗುತ್ತಿತ್ತು. ಹಾಗೆ ನೋಡಿ ನೋಡಿ ಬಂದ ವಿದ್ಯೆ ಎಡಗೈಗೆ ಇಳಿಯಿತು. ಅವನ ಕಿರುಬೆರಳು ಹೊರಗೆ ಚಾಚಿದ್ದನ್ನು ನೋಡಿ, ಕತ್ತಿಗೆ ಅದೇ ತೂಕವೆಂದು ತಿಳಿದು, ಇವರೂ ಕಿರುಬೆರಳು ಚಾಚಿದರು.

ಮೊದಲು ನವಿರು ಕೂದಲಿನ ಎಳೆ ಸೋರೆಕಾಯಿಗಳು ಬೋಳಾದವು. ಆಮೇಲೆ ಹಿತ್ತಲಿನ ಎಮ್ಮೆ. ಒಂದು ಬೇಸಿಗೆ ಪೂರ್ತಿ ಆ ಎಮ್ಮೆಯ ಮೈಮೇಲೆ ಒಂದು ಕೂದಲಿರಲಿಲ್ಲ. ಬಿಸಿಲಿಗೆ ಅದು ಎಷ್ಟು ಹೊಳೆಯುತ್ತಿತ್ತೆಂದರೆ ಪಕ್ಕದ ಮನೆಯ ದಸ್ತಗಿರಮ್ಮ ಅದರ ಪಕ್ಕೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದಳು. ನೊಣ ಕೂತರೆ ಜಾರುತ್ತಿತ್ತು.

*

"ಆ ಎಮ್ಮಿ!" ಎಂದ ಮೂಕಪ್ಪ. "ಅದನ್ನ ನೋಡಾಕ ನಾ ಎರಡು ಸಲ ಈ ಓಣಿಗೆ ಬಂದಿದ್ದೆ, ಅವ್ವಾರೇ. ಇದನ್ನ ಮಾಡಿದಾವ ದೊಡ್ಡ ಕೆಲಸಗಾರ ಅಂತ ಮನ್ಯಾಗ ಹೇಳಿದ್ದೆ."

"ಎಮ್ಮಿ ನಗತಿರಲಿಲ್ಲ. ಅದು ಹಗೂರ," ಎಂದರು ಗುರುಶಾಂತಮ್ಮ. "ಇವ್ರಿಗೆ ಮೊದಲು ನಗಿಸಿಬಿಡ್ತಿದ್ದೆ. ಗದ್ದದ ಕೆಳಗ ಬೆರಳು ಆಡಿಸಿ, ಸಾಕು ಸಾಕು ಅನ್ನೋತನಕ. ನಗು ಪೂರ್ತಿ ತೀರಿದ ಮ್ಯಾಲೆ ಕಲ್ಲಾಗತಿದ್ರು. ಆವಾಗ ಕತ್ತಿ. ಮೂರು ದಿನಕ್ಕ ಒಂದು ಸಲ. ಬಜಾರದಾಗ ಆ ಕಲ್ಲುಮಾರಿ ಎಲ್ಲಿಂದ ಬರ್ತಿತ್ತು ಅಂದ್ಕೊಂಡಿ?"

ಅವರು ಗಂಡನ ಮುಖ ನೋಡಿದರು. "ಇವತ್ತು ನಗಿಸೋ ಕೆಲಸ ಇಲ್ಲ."

ಪಡಸಾಲೆಯಲ್ಲಿ ಒಂದು ನೊಣ ಹಾರಾಡಿತು. ಮೂಕಪ್ಪ ತಲೆ ತಗ್ಗಿಸಿ ತನ್ನ ಡೊಂಕು ಬೆರಳನ್ನು ನೋಡಿಕೊಂಡ. ಅವತ್ತು ಸಾಹುಕಾರರ ಕಣ್ಣಲ್ಲಿ ನೀರು ಬಂದದ್ದು ನಗುವಿಗೆ. ಇಪ್ಪತ್ತೆರಡು ವರ್ಷ ಅವರ ಮುಖದ ಮೇಲೆ ಓಡಾಡಿದ್ದು ಅವನದೇ ಕೈ, ಬೇರೆಯವರ ತೋಳಿನ ತುದಿಯಲ್ಲಿ. ಇದು ಮಾನವೋ, ಅವಮಾನವೋ, ಸಿಟ್ಟು ಮಾಡಿಕೊಳ್ಳಬೇಕೋ, ಕಾಲಿಗೆ ಬೀಳಬೇಕೋ ಅವನಿಗೆ ಹೊಳೆಯಲಿಲ್ಲ.

"ನೀ ಮಾಡು ಮೂಕಪ್ಪ," ಎಂದರು ಗುರುಶಾಂತಮ್ಮ. "ನಿನ್ನ ಹಕ್ಕು. ಸುಳಿ ಒಂದು ನೋಡ್ಕೋ." ಹೇಳಿದರೇ ಹೊರತು ಕಾಲು ಕೀಳಲಿಲ್ಲ. ಸೊಂಟದ ಎಲೆಅಡಿಕೆ ಚಂಚಿಯ ಮೇಲೆ ಕೈಯಿಟ್ಟುಕೊಂಡಿದ್ದರು. ಚಂಚಿಯ ಬಾಯಿಯಿಂದ ಕತ್ತಿಯ ಹಿಡಿ ಇಣುಕುತ್ತಿತ್ತು.

ಮೂಕಪ್ಪ ಕೈ ನೀಡಿ ಆ ಕತ್ತಿ ತೆಗೆದುಕೊಂಡ. ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದ. ತನ್ನದಕ್ಕಿಂತ ಹರಿತವಾಗಿತ್ತು. ಅದು ಅವನಿಗೆ ಸ್ವಲ್ಪ ಸಿಟ್ಟು ತರಿಸಿತು. ಕತ್ತಿಯನ್ನು ಅವರ ಕೈಗೇ ವಾಪಸ್ಸಿಟ್ಟ, ಎಡಗೈಗೆ.

"ನಾನು ಹೊರಗ ಕುಂತು ಕತ್ತಿ ಮಸೀತಿರ್ತೀನಿ," ಎಂದ. "ಎಷ್ಟು ಹೊತ್ತಾದ್ರೂ ಮಸೀತೀನಿ. ನೀವು ಮಾರಿ ತೊಳ್ಯಾಕಹತ್ತೀರಿ ಅಂತ ಹೇಳ್ತೀನಿ. ಮುಗಿದ ಮ್ಯಾಲೆ ಕೆಮ್ರಿ, ನಾ ಒಳಗ ಬರ್ತೀನಿ."

"ಅಯ್ಯನೋರಿಗೆ ಗೊತ್ತಾದ್ರ?"

"ನನ್ನ ಮಾತು ಯಾರು ನಂಬ್ತಾರ್ರಿ, ಖರೆ ಹೇಳಿದ್ರೂ?" ಎಂದು ಮೂಕಪ್ಪ ಹೊರಗೆ ಬಂದು ಬಾಗಿಲು ಎಳೆದುಕೊಂಡ. ಹಳೆಯ ಬಾಗಿಲು. ಎರಡು ಕದಗಳ ನಡುವೆ ಬೆರಳಗಲ ಸಂದಿ ಉಳಿಯಿತು.

ಕಟ್ಟೆಯ ಮೇಲೆ ಕೂತು, ತೊಗಲಿನ ಪಟ್ಟಿಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಅದರ ಮೇಲೆ ಕತ್ತಿ ಎಳೆಯತೊಡಗಿದ. ಸೋಮಶೇಖರಪ್ಪ ನೆರಳು ನೋಡಿದ, ಬಾಗಿಲು ನೋಡಿದ. "ಇನ್ನೂ ಎಷ್ಟು ಮಸೀತಿಯೋ?"

"ಅವ್ವಾರು ಮಾರಿ ತೊಳ್ಯಾಕಹತ್ತ್ಯಾರ. ನಿಮ್ಮಣ್ಣಾರ ಗಡ್ಡ ಸಾದಾ ಗಡ್ಡೇನು? ತಂತಿ ಐತಿ ತಂತಿ. ಕುಂದುರ್ರಿ, ಅಷ್ಟ್ರಾಗ ಒಂದು ಮಾತು ಹೇಳ್ತೀನಿ. ನಮ್ಮಜ್ಜಗ ಒಮ್ಮೆ ನವಾಬರ ಬುಲಾವ್ ಬಂತು."

ಬೀಗರು ಹತ್ತಿರ ಸರಿದರು. ಹನುಮಣ್ಣ ಬೀಡಿ ಆರಿಸಿದ. ಪಂಚಾಕ್ಷರಯ್ಯನವರು ಬೆತ್ತದ ಮೇಲೆ ಗದ್ದ ಊರಿ, ಬೇಡದ ಮನಸ್ಸಿನಿಂದಲೇ ಕಿವಿಗೊಟ್ಟರು.

"ನವಾಬಗ ಪುರುಸೊತ್ತಿಲ್ಲ. ಕುದುರಿಮ್ಯಾಲೆ ಕುಂತಾನ, ಯುದ್ಧಕ್ಕ ಹೊಂಟಾನ. ಕ್ಷೌರ ಆಗ್ಲಾರ್ದ ಯುದ್ಧ ಮಾಡಂಗಿಲ್ಲ, ಕುದುರಿ ನಿಲ್ಲಂಗಿಲ್ಲ. ಏನು ಮಾಡ್ಬೇಕು? ನಮ್ಮಜ್ಜ ಹಾರಿ ಹಿಂದ ಕುಂತ."

ಒಳಗಿನಿಂದ ಸದ್ದು ಬಂತು. ಪರ್... ಪರ್... ಒಣಗಿದ ಸಜ್ಜೆಯ ಎಲೆ ಹರಿದಂತೆ. ಮೂಕಪ್ಪ ದನಿ ಏರಿಸಿದ. "ಕುದುರಿ ಕ್ವಾಟಿ ಗುಡ್ಡ ಹತ್ತಾಕಹತ್ತೈತಿ! ಕಲ್ಲು ಅನ್ನಂಗಿಲ್ಲ, ಮುಳ್ಳು ಅನ್ನಂಗಿಲ್ಲ!"

ಪರ್... ಪರ್...

ಪಂಚಾಕ್ಷರಯ್ಯನವರು ಗದ್ದವನ್ನು ಬೆತ್ತದಿಂದ ಎತ್ತಿದರು. ಮೊದಲು ಮೂಕಪ್ಪನ ಕೈ ನೋಡಿದರು. ತೊಗಲಿನ ಮೇಲೆ ಕತ್ತಿ ಸದ್ದಿಲ್ಲದೆ ಜಾರುತ್ತಿತ್ತು. ಆಮೇಲೆ ಬಾಗಿಲಿನ ಸಂದಿ ನೋಡಿದರು. ಬಹಳ ಹೊತ್ತು ನೋಡಿದರು.

"ನವಾಬ ಕುದುರಿ ನಿಲ್ಲಿಸ್ಲಿಲ್ಲ, ನಮ್ಮಜ್ಜ ಕೈ ನಿಲ್ಲಿಸ್ಲಿಲ್ಲ! ಕ್ವಾಟಿ ಬಾಗಲದಾಗ ಒಂದು ಕೆನ್ನಿ ಮುಗೀತು. ಆವಾಗ ನಮ್ಮಜ್ಜ ಏನಂದ, ಹುಜೂರ್, ಈಗ ಈ ಕಡೆ ಹೊಳ್ಳ್ರಿ ಅಂತ ನವಾಬರ ಗದ್ದಕ್ಕ..."

ಪಂಚಾಕ್ಷರಯ್ಯನವರು ಎದ್ದು ಬಾಗಿಲಿನ ಕಡೆ ನಡೆದರು. ಮೂಕಪ್ಪನ ಕತ್ತಿ ತೊಗಲಿನ ನಡುವೆ ನಿಂತಿತು. ಅಯ್ಯನವರು ಬಾಗಿಲು ತಳ್ಳಲಿಲ್ಲ. ಹೆಗಲ ಮೇಲಿನ ಶಾಲು ತೆಗೆದು ಎರಡು ಚಿಲಕಗಳಿಗೆ ಅಡ್ಡ ಇಳಿಬಿಟ್ಟು ಸಂದಿ ಮುಚ್ಚಿದರು. ಯಾರೂ ಕೂಡಬಾರದ ಹೊಸ್ತಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಜೋಳಿಗೆಯಿಂದ ಗಂಟೆ ತೆಗೆದು, ಯಾವ ಮಂತ್ರವೂ ಇಲ್ಲದ ಆ ಹೊತ್ತಿನಲ್ಲಿ, ಓಣಿಯ ತುದಿಗೆ ಕೇಳುವ ಹಾಗೆ ಬಾರಿಸತೊಡಗಿದರು.